ಒಂದು ಗಳಿಗೆ ಬಟ್ಟಲು ಮಾಡಿಸಿದ ಕಥೆ

(ಮೈಸೂರಿನಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಮೊದಲು ಒಂದು ಕೆಲಸ ಮುಗಿಸಿಬಿಡೋಣ. ಈ ಮೇಜಿನ ಮೇಲೆ ಅಗಲವಾದ ಹಿತ್ತಾಳೆ ಕೊಳಗ ಇದೆ. ಅದರ ತುಂಬ ನೀರು. ನನ್ನ ಕೈಯಲ್ಲಿರುವುದು ತಾಮ್ರದ ಬಟ್ಟಲು, ತಳದ ನಡುವೆ ಒಂದು ತೂತು. ಇದನ್ನು ನೀರಿನ ಮೇಲೆ ಬಿಡುತ್ತೇನೆ. ತೇಲುತ್ತಿದೆ, ಅಲ್ವಾ? ತೂತಿನಿಂದ ನೀರು ಬುಗ್ಗೆಯ ಹಾಗೆ ಒಳಗೆ ಏಳುತ್ತಿರುವುದು ಮುಂದಿನ ಸಾಲಿನವರಿಗೆ ಕಾಣಿಸುತ್ತಿರಬೇಕು. ಬಟ್ಟಲು ತುಂಬಿ ಮುಳುಗಿತು ಅಂದರೆ ಒಂದು ಗಳಿಗೆ ಆಯಿತು. ನಮ್ಮ ಈಗಿನ ಲೆಕ್ಕದಲ್ಲಿ 24 ನಿಮಿಷ. ಮುಂದೆ ಕೂತಿರುವ ಪುಟ್ಟಿ, ನೀನು ಇದನ್ನು ನೋಡಿಕೊಳ್ತೀಯಾ? ಮುಳುಗಿದ ತಕ್ಷಣ ಎತ್ತಿ, ನೀರನ್ನು ಕೊಳಗಕ್ಕೇ ಸುರಿದು, ಮತ್ತೆ ತೇಲಿಬಿಡಬೇಕು. ಪಕ್ಕದಲ್ಲಿ ಜಾಗಟೆ ಇದೆ, ಅದಕ್ಕೆ ಒಂದು ಏಟು. ಇಷ್ಟೇ ಕೆಲಸ. ನಾವು ಮಾತಿಗೆ ಹೋಗೋಣ.

ಈ ವಸ್ತುವಿಗೆ ಸಂಸ್ಕೃತದಲ್ಲಿ ಘಟಿಕಾ ಯಂತ್ರ ಅನ್ನುತ್ತಾರೆ. ಘಟ ಅಂದರೆ ಮಡಕೆ, ಘಟಿಕೆ ಅಂದರೆ ಪುಟ್ಟ ಮಡಕೆ. ಆ ಘಟಿಕೆ ನಮ್ಮ ಬಾಯಲ್ಲಿ ಗಳಿಗೆ ಆಯಿತು. ಗಡಿಯಾರ ಅನ್ನುವ ಪದವೂ ಇದೇ ಬಳ್ಳಿಯದು. "ಒಳ್ಳೆ ಗಳಿಗೆ ನೋಡ್ಕೊಂಡು ಹೊರಡು" ಅಂತ ನಮ್ಮಜ್ಜಿ ಹೇಳುತ್ತಿದ್ದರು. "ಅರೆಗಳಿಗೆ ಸುಮ್ನೆ ಕೂತ್ಕೊಳೋ" ಅಂತ ಅಮ್ಮ ಗದರುತ್ತಿದ್ದರು. ಇಬ್ಬರೂ ಈ ಬಟ್ಟಲನ್ನು ಕಣ್ಣಲ್ಲಿ ಕಂಡವರಲ್ಲ. ಆದರೆ ಅವರ ಮಾತಿನಲ್ಲಿ ಅದು ತೇಲುತ್ತಲೇ ಇತ್ತು. ಒಂದು ಹಗಲು ರಾತ್ರಿಗೆ 60 ಗಳಿಗೆ, ಒಂದು ಗಳಿಗೆಗೆ 60 ವಿಗಳಿಗೆ. ಅಂದರೆ ಒಂದು ವಿಗಳಿಗೆ 24 ಸೆಕೆಂಡು.

ನಾನು ಮಂಡ್ಯದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದೆ. ನಿವೃತ್ತಿಯಾಗಿ ಮೈಸೂರಿಗೆ ಬಂದ ಮೇಲೆ ಈ ಹುಚ್ಚು ಹತ್ತಿತು. ಪುಸ್ತಕಗಳಲ್ಲಿ ಗಳಿಗೆ ಬಟ್ಟಲಿನ ಬಗ್ಗೆ ಒಂದು ಸಾಲು ಇರುತ್ತದೆ: "ತಳದಲ್ಲಿ ತೂತಿರುವ ಬಟ್ಟಲನ್ನು ನೀರಿನಲ್ಲಿ ತೇಲಿಬಿಡುತ್ತಿದ್ದರು." ಆಮೇಲೆ ಮುಂದಿನ ವಿಷಯಕ್ಕೆ ಹೋಗಿಬಿಡುತ್ತಾರೆ. ನನಗೆ ಆ ಒಂದು ಸಾಲು ಸಾಲಲಿಲ್ಲ. ತೂತು ಎಷ್ಟು ದೊಡ್ಡದು? ಅದನ್ನು ಯಾರು, ಹೇಗೆ ಅಳೆದರು? ಬೇರೆ ಗಡಿಯಾರವೇ ಇಲ್ಲದ ಕಾಲದಲ್ಲಿ ಈ ಬಟ್ಟಲು ಸರಿ ಇದೆ ಅಂತ ಗೊತ್ತಾಗಿದ್ದು ಹೇಗೆ? ಈ ಮೂರನೇ ಪ್ರಶ್ನೆಯೇ ನನ್ನನ್ನು ಹಿಡಿದುಕೊಂಡಿದ್ದು. ಹಾಗಾಗಿ ನಾನು ಒಂದು ನಿಯಮ ಹಾಕಿಕೊಂಡೆ. ಬಟ್ಟಲು ಮಾಡುವಾಗ, ಸರಿಪಡಿಸುವಾಗ ಕೈಗಡಿಯಾರ, ಮೊಬೈಲು ಯಾವುದನ್ನೂ ನೋಡಬಾರದು. ಎಲ್ಲ ಮುಗಿದ ಮೇಲೆ ಬೇಕಾದರೆ ಒಂದು ಸಲ ಹೋಲಿಸಿ ನೋಡಬಹುದು. ಸ್ಟಾಪ್‌ವಾಚ್ ಹಿಡಿದು ತೂತು ಸರಿಮಾಡಿದರೆ ಅದು ಸ್ಟಾಪ್‌ವಾಚಿನ ನಕಲು ಆಗುತ್ತದೆ, ಗಳಿಗೆ ಬಟ್ಟಲಿನ ನಕಲು ಆಗುವುದಿಲ್ಲ.

ಸೂರ್ಯಸಿದ್ಧಾಂತ ಅನ್ನುವ ಹಳೆಯ ಖಗೋಳ ಗ್ರಂಥದಲ್ಲಿ ಇದರ ವಿವರ ತುಂಬ ಚಿಕ್ಕದು. ತಳದಲ್ಲಿ ತೂತಿರುವ ತಾಮ್ರದ ಪಾತ್ರೆ, ಶುದ್ಧವಾದ ನೀರು, ಹಗಲು ರಾತ್ರಿಗೆ 60 ಸಲ ಮುಳುಗಬೇಕು, ಅಷ್ಟೇ. ಅಳತೆ ಬೇಕು ಅಂದರೆ ಲಲ್ಲ, ಶ್ರೀಪತಿ ಮುಂತಾದ ಹಳೆಯ ಖಗೋಳ ಪಂಡಿತರ ಗ್ರಂಥಗಳಿಗೆ ಹೋಗಬೇಕು. ಅಲ್ಲಿ ಅಡುಗೆ ಹೇಳಿಕೊಡುವ ಹಾಗೆ ಪೂರ್ತಿ ವಿವರ ಇದೆ. (ಪಲ, ಮಾಷ ಅಂದರೆ ಹಳೆಯ ತೂಕಗಳು, ಲೆಕ್ಕ ಆಮೇಲೆ ಹೇಳುತ್ತೇನೆ.) 10 ಪಲ ತಾಮ್ರ ತೆಗೆದುಕೋ. 12 ಅಂಗುಲ ಬಾಯಿ, 6 ಅಂಗುಲ ಎತ್ತರ ಬರುವ ಹಾಗೆ ಅರ್ಧಗೋಳ ಮಾಡು. ತೂತಿಗೆ ಮೂರು ಮಾಷ ಮತ್ತು ಒಂದು ಮಾಷದ ಮೂರನೇ ಒಂದು ಭಾಗ ಚಿನ್ನ ತಗೊಂಡು 4 ಅಂಗುಲ ಉದ್ದದ ಸೂಜಿ ಎಳೆ. ಆ ಸೂಜಿ ಹೋಗುವಷ್ಟು ತೂತು ಮಾಡು.

ಇದನ್ನು ಮೊದಲ ಸಲ ಓದಿದಾಗ ಎದ್ದು ನಿಂತುಬಿಟ್ಟೆ. ಚಿನ್ನದ ಸೂಜಿ ಯಾಕೆ? ಯೋಚನೆ ಮಾಡಿ. ಅವರ ಹತ್ತಿರ ಮೈಕ್ರೋಮೀಟರ್ ಇಲ್ಲ. ಒಂದು ಮಿಲಿಮೀಟರಿನಷ್ಟು ಸಣ್ಣ ತೂತನ್ನು ಉಜ್ಜಯಿನಿಯವನೂ ಕಂಚಿಯವನೂ ಒಂದೇ ತರ ಮಾಡಬೇಕು ಅಂದರೆ ಅಳತೆ ಕಳಿಸುವುದು ಹೇಗೆ? ಅಂಗುಲ, ಜವೆಕಾಳಿನ ಅಳತೆ ಎಲ್ಲ ಅದಕ್ಕೆ ತುಂಬ ದಪ್ಪ. ಆದರೆ ತೂಕವನ್ನು ಅವರು ಬಹಳ ಸೂಕ್ಷ್ಮವಾಗಿ ಅಳೆಯುತ್ತಿದ್ದರು, ಅಕ್ಕಸಾಲಿಗರ ತಕ್ಕಡಿ ಇತ್ತಲ್ಲ! ಇಷ್ಟೇ ತೂಕದ ಚಿನ್ನವನ್ನು ಇಷ್ಟೇ ಉದ್ದಕ್ಕೆ ಎಳೆದರೆ ದಪ್ಪ ತಾನಾಗಿಯೇ ನಿಗದಿ ಆಗುತ್ತದೆ. ತೂಕ ಗೊತ್ತು, ಉದ್ದ ಗೊತ್ತು, ಇನ್ನು ದಪ್ಪಕ್ಕೆ ಬೇರೆ ದಾರಿಯೇ ಇಲ್ಲ. ಚಿನ್ನ ತುಕ್ಕು ಹಿಡಿಯುವುದಿಲ್ಲ, ಎಳೆದಷ್ಟೂ ಬರುತ್ತದೆ, ಅಪ್ಪಟ ಚಿನ್ನ ಎಲ್ಲಿ ಹೋದರೂ ಅದೇ ಚಿನ್ನ. ಕಣ್ಣಿಗೆ ಅಳೆಯಲಾಗದ ದಪ್ಪವನ್ನು ತಕ್ಕಡಿಯಲ್ಲಿ ಅಳೆದಿದ್ದಾರೆ. 30 ವರ್ಷ ಪಾಠ ಮಾಡಿದ್ದೇನೆ, ಸಾಂದ್ರತೆಗೆ ಇದಕ್ಕಿಂತ ಚೆನ್ನಾದ ಉದಾಹರಣೆ ನನಗೆ ಸಿಕ್ಕಿರಲಿಲ್ಲ.

ಇನ್ನು ಮಾಷ ಅಂದರೆ ಎಷ್ಟು, ಪಲ ಅಂದರೆ ಎಷ್ಟು? ಹಳೆಯ ಕೋಷ್ಟಕದಲ್ಲಿ 5 ಗುಲಗಂಜಿಗೆ 1 ಮಾಷ, 64 ಮಾಷಕ್ಕೆ 1 ಪಲ. ಗುಲಗಂಜಿ ನಿಮಗೆಲ್ಲ ಗೊತ್ತು, ಕೆಂಪು ಮೈ, ಕಪ್ಪು ತಲೆ. ನಮ್ಮಲ್ಲಿ ಚಿನ್ನ ತೂಗುತ್ತಿದ್ದುದೇ ಅದರಲ್ಲಿ. ಮಂಡ್ಯದ ಕಡೆ ಬೇಲಿಸಾಲಿನಲ್ಲಿ ನಾನೇ ಆರಿಸಿ ತಂದ ನೂರು ಕಾಳನ್ನು ಒಟ್ಟಿಗೆ ತೂಗಿದೆ. ಒಂದಕ್ಕೆ ಸರಾಸರಿ 0.12 ಗ್ರಾಂ ಬಂತು. ಬಿಡಿಬಿಡಿಯಾಗಿ ತೂಗಿದರೆ ಒಂದು ಕಾಳಿನ ಹಾಗೆ ಇನ್ನೊಂದು ಇರಲಿಲ್ಲ, ಅದು ಬೇರೆ ಮಾತು. ಆ ಲೆಕ್ಕದಲ್ಲಿ 10 ಪಲ ಅಂದರೆ 384 ಗ್ರಾಂ. ಸೂಜಿಯ ಚಿನ್ನ 2 ಗ್ರಾಂ. ಅಂಗುಲಕ್ಕೆ 1.8 ಸೆಂಟಿಮೀಟರ್ ಹಿಡಿದೆ. ಆಗ ಬಟ್ಟಲಿನ ಬಾಯಿ 21.6 ಸೆಂಟಿಮೀಟರ್, ಸೂಜಿಯ ಉದ್ದ 7.2 ಸೆಂಟಿಮೀಟರ್, ದಪ್ಪ ಸುಮಾರು 1.35 ಮಿಲಿಮೀಟರ್. ಪರಿಚಯದ ಅಕ್ಕಸಾಲಿಗರೊಬ್ಬರು ಕಂಬಿ ಎಳೆಯುವ ಅಚ್ಚಿನಲ್ಲಿ ಅದನ್ನು ಎಳೆದುಕೊಟ್ಟರು. ಆ ಸೂಜಿ ಈಗ ನನ್ನ ಹೆಂಡತಿಯ ಹತ್ತಿರ ಇದೆ, ಕಿವಿಯೋಲೆ ಆಗಿದೆ.

ಬಟ್ಟಲಿಗೆ ನಾಗಮಂಗಲದ ಕಡೆಗೆ ಹೋದೆ. ಲೋಹದ ಕೆಲಸಕ್ಕೆ ಆ ಊರು ಹಿಂದಿನಿಂದಲೂ ಹೆಸರಾದದ್ದು. ಅಲ್ಲಿ ನನಗೆ ಸಿಕ್ಕವರು ಎಪ್ಪತ್ತು ದಾಟಿದ ಒಬ್ಬ ಆಚಾರ್ರು. ಹೆಸರು ಹೇಳಬೇಡಿ ಅಂದಿದ್ದಾರೆ, ಅದಕ್ಕೆ ಆಚಾರ್ರು ಅಂತಲೇ ಕರೆಯುತ್ತೇನೆ. ನಾನು ಕಾಗದದ ಮೇಲೆ ಅಳತೆಯೆಲ್ಲ ಬರೆದುಕೊಂಡು ಹೋಗಿದ್ದೆ. ಅವರು ಅದನ್ನು ನೋಡಿ, "ಮೇಷ್ಟ್ರೇ, ಬಟ್ಟಲು ಮಾಡ್ಕೊಡ್ತೀನಿ. ಆದ್ರೆ ತೂತಿನ್ ಕೆಲಸ ಬಾಯಲ್ ಹೇಳಿದಂಗಲ್ಲ" ಅಂದರು. ಆ ಮಾತಿನ ತೂಕ ನನಗೆ ತಿಳಿಯಲು ಎರಡು ತಿಂಗಳು ಬೇಕಾಯಿತು.

ತಾಮ್ರದ ಕೆಲಸ ಹೇಗೆ ನಡೆಯುತ್ತದೆ ಅಂತ ನೋಡದವರಿಗೆ ಸ್ವಲ್ಪ ಹೇಳುತ್ತೇನೆ. 30 ಸೆಂಟಿಮೀಟರಿನ ಒಂದು ದುಂಡನೆ ತಟ್ಟೆ ಕತ್ತರಿಸಿಕೊಳ್ಳುತ್ತಾರೆ. ದಪ್ಪ ಅರ್ಧ ಮಿಲಿಮೀಟರಿಗಿಂತ ಚೂರು ಜಾಸ್ತಿ. ಅದನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಾರೆ. ಉಕ್ಕನ್ನು ಹೀಗೆ ಅದ್ದಿದರೆ ಗಟ್ಟಿಯಾಗುತ್ತದೆ, ತಾಮ್ರ ಹಾಗಲ್ಲ, ಮೆತ್ತಗೇ ಉಳಿಯುತ್ತದೆ. ಆಮೇಲೆ ಗುಂಡು ತಲೆಯ ಕಬ್ಬಿಣದ ಗೂಟದ ಮೇಲೆ ಕವುಚಿ ಸುತ್ತುಸುತ್ತಾಗಿ ಬಡಿಯುತ್ತಾರೆ. ಬಡಿದಷ್ಟೂ ತಾಮ್ರ ಗಡುಸಾಗುತ್ತದೆ, ಇನ್ನು ಬಡಿದರೆ ಬಿರಿಯುತ್ತದೆ. ಸುತ್ತಿಗೆಯ ಸದ್ದು ಬದಲಾದಾಗ ಆಚಾರ್ರು ನಿಲ್ಲಿಸುತ್ತಿದ್ದರು, ಮತ್ತೆ ಕಾಯಿಸುತ್ತಿದ್ದರು. ತಟ್ಟೆ ಬಟ್ಟಲಾಗಲು ಹೀಗೆ ಒಂಬತ್ತು ಸಲ ಕಾಯಿಸಬೇಕಾಯಿತು. ಕೊನೆಗೆ ಹುಣಸೆಹುಳಿ ಹಾಕಿ ಉಜ್ಜಿದಾಗ ಬಂದ ಬಣ್ಣ ಇದೆಯಲ್ಲ, ಅದನ್ನು ನೋಡಲಿಕ್ಕೇ ನಾನು ಅಲ್ಲಿಗೆ ಹೋಗಿ ಕೂರುತ್ತಿದ್ದೆ. ಒಂದು ಗುಟ್ಟು ಹೇಳಬೇಕು. ಈಗಿನ ತಗಡು ಯಂತ್ರದಲ್ಲಿ ಒತ್ತಿದ್ದು, ಹಿಂದೆ ಗಟ್ಟಿಯಿಂದ ಬಡಿದು ತಗಡು ಮಾಡುತ್ತಿದ್ದರು. ಈ ಒಂದು ವಿಷಯದಲ್ಲಿ ನನ್ನ ಬಟ್ಟಲು ಹಳೆಯದರಂತಿಲ್ಲ. ಅದು ನನಗೆ ಇನ್ನೂ ಕೊರೆಯುತ್ತದೆ.

ಈಗ ಹೊತ್ತು ನೋಡುವ ವಿಷಯ. ಕೈಗಡಿಯಾರ ಬೇಡ ಅಂದ ಮೇಲೆ ಸೂರ್ಯನೇ ಗತಿ. ನಮ್ಮ ಮನೆ ತಾರಸಿಯ ಮೇಲೆ ಒಂದು ಶಂಕು ನಿಲ್ಲಿಸಿದೆ, ಅಂದರೆ ನೆಟ್ಟಗಿರುವ ಒಂದು ಕೋಲು. ಅದರ ಬುಡವನ್ನು ನಡುವಾಗಿಟ್ಟು ಒಂದು ವೃತ್ತ. ಬೆಳಗ್ಗೆ ನೆರಳಿನ ತುದಿ ವೃತ್ತವನ್ನು ಮುಟ್ಟಿದಲ್ಲಿ ಒಂದು ಗುರುತು, ಮಧ್ಯಾಹ್ನದ ಮೇಲೆ ಮತ್ತೆ ಮುಟ್ಟಿದಲ್ಲಿ ಇನ್ನೊಂದು. ಎರಡನ್ನೂ ಸೇರಿಸಿದರೆ ಪೂರ್ವ ಪಶ್ಚಿಮ ಸಿಕ್ಕಿತು. ಅದಕ್ಕೆ ಅಡ್ಡಲಾಗಿ ಶಂಕುವಿನ ಬುಡದಿಂದ ಗೆರೆ ಎಳೆದರೆ ಉತ್ತರ ದಕ್ಷಿಣ. ನೆರಳು ಆ ಗೆರೆಯ ಮೇಲೆ ಬಂದಾಗ ನಡು ಮಧ್ಯಾಹ್ನ. ಇದೂ ಸೂರ್ಯಸಿದ್ಧಾಂತದ್ದೇ ವಿಧಾನ. ಮೈಸೂರಿನಲ್ಲಿ ಇದನ್ನು ಏಪ್ರಿಲ್ 22 ಅಥವಾ ಆಗಸ್ಟ್ 20ರ ಆಸುಪಾಸಿನಲ್ಲಿ ಮಾಡಲು ಹೋಗಬೇಡಿ. ಆಗ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ನಡು ಮಧ್ಯಾಹ್ನ ನೆರಳೇ ಇರುವುದಿಲ್ಲ. ನಾನು ಜನವರಿಯನ್ನು ಆರಿಸಿಕೊಂಡೆ. ಆಕಾಶ ತಿಳಿಯಾಗಿರುತ್ತದೆ, ನೆರಳು ಉದ್ದ ಇರುತ್ತದೆ.

ಮೊದಲ ಪರೀಕ್ಷೆ. ಚಿನ್ನದ ಸೂಜಿ ಹೋಗುವಷ್ಟೇ ತೂತು. ನಡು ಮಧ್ಯಾಹ್ನ ಬಟ್ಟಲು ಬಿಟ್ಟೆ. ಪಂಚಾಂಗದಲ್ಲಿ ಆ ದಿನದ ದಿನಮಾನ, ಅಂದರೆ ಹಗಲು ಎಷ್ಟು ಗಳಿಗೆ ಅನ್ನುವುದು, ಕೊಟ್ಟಿರುತ್ತಾರೆ. ಅದರ ಅರ್ಧ ಹಿಡಿದರೆ ಸೂರ್ಯ ಮುಳುಗುವುದರೊಳಗೆ ಬಟ್ಟಲು 14 ಸಲ ಮುಳುಗಬೇಕಿತ್ತು. ಮುಳುಗಿದ್ದು ಮೂರು ಸಲ. ನಾಲ್ಕನೇ ಸಲಕ್ಕೆ ಅರ್ಧ ತುಂಬಿತ್ತು, ಅಷ್ಟರಲ್ಲಿ ಸೂರ್ಯ ಮುಳುಗಿದ.

ಮೂರೂವರೆ ಎಲ್ಲಿ, ಹದಿನಾಲ್ಕು ಎಲ್ಲಿ! ಸ್ವಲ್ಪ ಹೆಚ್ಚುಕಮ್ಮಿ ಆಗಿದ್ದರೆ ಗುಲಗಂಜಿಯ ತೂಕ, ಅಂಗುಲದ ಅಳತೆ ಅಂತ ಏನಾದರೂ ಹೇಳಬಹುದಿತ್ತು. ಇದು ನಾಲ್ಕು ಪಟ್ಟು. ಮೂರು ದಿನ ತಲೆ ಕೆಟ್ಟುಹೋಯಿತು. ಲೆಕ್ಕ ಮಾಡಿ ನೋಡಿದೆ. ಬಟ್ಟಲು ತೇಲುವಾಗ ಹೊರಗಿನ ನೀರಿಗೂ ಒಳಗಿನ ನೀರಿಗೂ ಮಟ್ಟದಲ್ಲಿ ವ್ಯತ್ಯಾಸ ಇರುತ್ತದೆ. ನೀರನ್ನು ಒಳಗೆ ತಳ್ಳುವುದು ಆ ವ್ಯತ್ಯಾಸವೇ. ಶುರುವಿನಲ್ಲಿ ಅದು ಮೂರೂವರೆ ಸೆಂಟಿಮೀಟರ್ ಇರುತ್ತದೆ. ಬಟ್ಟಲು ಅಗಲವಾಗುತ್ತಾ ಹೋದ ಹಾಗೆ ಕಡಿಮೆಯಾಗಿ, ಕೊನೆಕೊನೆಗೆ ಒಂದು ಸೆಂಟಿಮೀಟರಿಗೂ ಕಮ್ಮಿ. ಅಷ್ಟು ಸಣ್ಣ ಒತ್ತಡದಲ್ಲಿ, 1.35 ಮಿಲಿಮೀಟರ್ ತೂತಿನಲ್ಲಿ, ಎರಡೂವರೆ ಲೀಟರಿಗೂ ಹೆಚ್ಚು ನೀರು ಒಂದು ಗಳಿಗೆಯಲ್ಲಿ ಒಳಗೆ ಬರಲು ಸಾಧ್ಯವೇ ಇಲ್ಲ. ತೂತು ಸುಮಾರು ಅದರ ಎರಡರಷ್ಟು ಅಗಲ ಇರಬೇಕು.

ಹಾಗಾದರೆ ಗ್ರಂಥ ಬರೆದವರಿಗೆ ಗೊತ್ತಿರಲಿಲ್ಲವಾ? ಇಲ್ಲಿ ನಾನು ಭಾಸ್ಕರಾಚಾರ್ಯರ ಹತ್ತಿರ ಹೋದೆ. ಮೊದಲೇ ಹೋಗಬೇಕಿತ್ತು. 1150ರ ಸಿದ್ಧಾಂತ ಶಿರೋಮಣಿಯಲ್ಲಿ ಅವರು ಈ 10 ಪಲ, ಚಿನ್ನದ ಸೂಜಿ ಎಲ್ಲವನ್ನೂ ಪಕ್ಕಕ್ಕೆ ಇಡುತ್ತಾರೆ. ಆ ಅಳತೆಗೆ ಯುಕ್ತಿಯ ಆಧಾರವಿಲ್ಲ, ಹಾಗೆ ಮಾಡುವುದೂ ಕಷ್ಟ ಅನ್ನುತ್ತಾರೆ. ಅವರ ವಿಧಾನ ಏನು ಗೊತ್ತಾ? ಅರ್ಧ ಮಡಕೆಯ ಆಕಾರದ ತಾಮ್ರದ ಬಟ್ಟಲು ಮಾಡು. ತಳದಲ್ಲಿ ತೂತು ಮಾಡು. ಒಂದು ಹಗಲು ರಾತ್ರಿಯಲ್ಲಿ ಎಷ್ಟು ಸಲ ಮುಳುಗುತ್ತದೆ ಅಂತ ಎಣಿಸು. ಹಗಲು ರಾತ್ರಿಯನ್ನು ಆ ಸಂಖ್ಯೆಯಿಂದ ಭಾಗಿಸು. ಅದೇ ನಿನ್ನ ಬಟ್ಟಲಿನ ಅಳತೆ. ಅಂದರೆ 60 ಸಲವೇ ಮುಳುಗಬೇಕು ಅಂತ ಕೂಡ ಇಲ್ಲ! 53 ಸಲ ಮುಳುಗಿದರೂ ಅದು ಗಡಿಯಾರವೇ, ಅದರ ಬೆಲೆ ಎಷ್ಟು ಅಂತ ಗೊತ್ತಿದ್ದರೆ ಸಾಕು.

ನನ್ನ ಮಟ್ಟಿಗೆ ಅಲ್ಲಿಗೆ ಇಡೀ ಕೆಲಸ ತಿರುಗಿ ನಿಂತಿತು. ನಾನು ಅಲ್ಲಿಯವರೆಗೆ ಹಳೆಯದಕ್ಕೆ ನಿಷ್ಠೆ ಅಂದರೆ ಹಳೆಯ ಅಳತೆಗೆ ನಿಷ್ಠೆ ಅಂದುಕೊಂಡಿದ್ದೆ. ಅಳತೆ ಒಬ್ಬರಿಂದ ಒಬ್ಬರು ನಕಲು ಮಾಡಿಕೊಂಡು ಬಂದದ್ದು. ಬಟ್ಟಲನ್ನು ಸರಿಪಡಿಸಿದ್ದು ಎಣಿಕೆ. ನಾನು ಮತ್ತೆ ಮಾಡಬೇಕಿದ್ದದ್ದು ಆ ಎಣಿಕೆಯನ್ನು.

ಆದರೂ ಆ ಸೂಜಿ ಎಲ್ಲಿಂದ ಬಂತು ಅನ್ನುವ ಕುತೂಹಲ ಬಿಡಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಇಂಥದೇ ಸೂಜಿ ಇದೆ, 4 ಮಾಷ ಚಿನ್ನ, 4 ಅಂಗುಲ ಉದ್ದ. ಆದರೆ ಅಲ್ಲಿರುವುದು ತೇಲುವ ಬಟ್ಟಲಲ್ಲ. ಒಂದು ಕೊಡ, ಅದರಲ್ಲಿ ಒಂದು ಆಢಕ (ಅದೂ ಹಳೆಯ ಅಳತೆ) ನೀರು, ತೂತಿನಿಂದ ನೀರು ಹೊರಗೆ ಹೋಗಬೇಕು. ನೀರೆಲ್ಲ ಸೋರಿದರೆ ಒಂದು ನಾಳಿಕೆ, ಅಂದರೆ ನಮ್ಮ ಒಂದು ಗಳಿಗೆ. ನಾನು ಒಂದು ಎತ್ತರದ ಡಬ್ಬಿಗೆ ಒಂದೂವರೆ ಮಿಲಿಮೀಟರ್ ತೂತು ಮಾಡಿ ಎರಡು ಲೀಟರ್ ನೀರು ತುಂಬಿ ನೋಡಿದೆ. ಅದು ಅರ್ಧ ಗಂಟೆಯ ಆಸುಪಾಸಿನಲ್ಲಿ ಖಾಲಿಯಾಯಿತು! 20 ಸೆಂಟಿಮೀಟರ್ ನೀರು ಮೇಲಿನಿಂದ ಒತ್ತುವಾಗ ಅಷ್ಟು ಸಣ್ಣ ತೂತು ಸಾಕು. ನನ್ನ ಊಹೆ ಇಷ್ಟು: ಸೋರುವ ಕೊಡಕ್ಕೆ ಹೇಳಿದ ಸೂಜಿಯೇ ಮುಂದೆ ಮುಳುಗುವ ಬಟ್ಟಲಿನ ವಿವರಕ್ಕೂ ಬಂದು ಸೇರಿಕೊಂಡಿತು. ಇದು ನನ್ನ ಊಹೆ ಮಾತ್ರ, ಆದರೆ ನೀರು ಅದರ ಪರವಾಗಿ ಮಾತಾಡುತ್ತಿದೆ.

ಸರಿ, ಮತ್ತೆ ನಾಗಮಂಗಲಕ್ಕೆ. ತೂತು ಅಗಲ ಮಾಡಬೇಕು. ಅದಕ್ಕೆ ಮೊದಲು ನಾನೇ ಒಂದು ಆತುರದ ಕೆಲಸ ಮಾಡಿದ್ದೆ. ಒಂದು ಹಳೆ ತಾಮ್ರದ ಚೂರಿನ ಮೇಲೆ ಡ್ರಿಲ್ಲಿಂಗ್ ಯಂತ್ರದಲ್ಲಿ ತೂತು ಕೊರೆಸಿ, ಅದೇ ಅಳತೆಯ ತೂತನ್ನು ಆಚಾರ್ರ ಕೈಯಲ್ಲಿ ಮೊಳೆಯಿಂದ ಹೊಡೆಸಿ, ಎರಡರಲ್ಲೂ ನೀರು ಬಿಟ್ಟು ನೋಡಿದೆ. ಒಂದೇ ಅಗಲದ ತೂತು, ಆದರೆ ನೀರು ಒಂದೇ ತರ ಬರಲಿಲ್ಲ. ಮೊಳೆಯನ್ನು ಹೊರಗಿನಿಂದ ಒಳಗೆ ಹೊಡೆದಾಗ ತೂತಿನ ಅಂಚು ಒಳಗೆ ಬಾಗಿ ಸಣ್ಣ ಆಲಿಕೆಯ ಹಾಗೆ ಆಗುತ್ತದೆ. ನೀರು ಅದರಲ್ಲಿ ಜಾರಿಕೊಂಡು ಬರುತ್ತದೆ, ಜಾಸ್ತಿ ಬರುತ್ತದೆ. ಯಂತ್ರದ ತೂತಿನ ಅಂಚು ಚೂಪು, ಅಲ್ಲಿ ನೀರಿನ ಧಾರೆ ಕುಗ್ಗಿ ಒಳಗೆ ಬರುತ್ತದೆ. "ತೂತಿನ್ ಕೆಲಸ ಬಾಯಲ್ ಹೇಳಿದಂಗಲ್ಲ" ಅಂತ ಅವರು ಅಂದಿದ್ದರಲ್ಲ, ಇದೇ ಅದು. ಅಗಲ ಎಷ್ಟು ಅಂತ ಬರೆದಿಡಬಹುದು. ಅಂಚು ಹೇಗೆ ಬಾಗಿದೆ ಅಂತ ಶ್ಲೋಕದಲ್ಲಿ ಬರೆಯಲಿಕ್ಕೆ ಆಗುತ್ತದಾ?

ಸ್ವಲ್ಪಸ್ವಲ್ಪ ಅಗಲ ಮಾಡುತ್ತಾ, ನಡು ಮಧ್ಯಾಹ್ನದಿಂದ ಸಂಜೆವರೆಗೆ ಎಣಿಸುತ್ತಾ, 14ರ ಹತ್ತಿರ ಬಂದೆವು. ಆಮೇಲೆ ಪೂರ್ತಿ ಹಗಲು ರಾತ್ರಿಯ ಎಣಿಕೆ. ನಾನು, ನನ್ನ ಹೆಂಡತಿ, ನನ್ನ ಇಬ್ಬರು ಹಳೇ ವಿದ್ಯಾರ್ಥಿಗಳು, ಪಾಳಿಯ ಮೇಲೆ ಕೂತೆವು. ಒಂದು ಸಲ ಮುಳುಗಿದರೆ ಒಂದು ಹುಣಸೆಬೀಜವನ್ನು ಈ ಬಟ್ಟಲಿಂದ ಆ ಬಟ್ಟಲಿಗೆ ಹಾಕುವುದು. ಇವತ್ತಿನ ಮಧ್ಯಾಹ್ನದ ಗೆರೆಯಿಂದ ನಾಳೆಯ ಮಧ್ಯಾಹ್ನದ ಗೆರೆಗೆ 63 ಬೀಜ ಆಯಿತು. ತೂತು ಜಾಸ್ತಿಯಾಗಿತ್ತು. ಅಗಲ ಮಾಡುವುದು ಸುಲಭ, ಕಿರಿದು ಮಾಡುವುದು ಹೇಗೆ? ಆಚಾರ್ರು ಒಂದು ಗುಂಡುಕಡ್ಡಿಯನ್ನು ಕೆಳಗೆ ಆನಿಸಿ, ತೂತಿನ ಸುತ್ತ ಪುಟ್ಟ ಸುತ್ತಿಗೆಯಿಂದ ಟಕಟಕ ಅಂತ ಬಡಿದರು. ತಾಮ್ರ ಹರಿದು ತೂತಿನ ಕಡೆಗೆ ಸರಿಯಿತು. ಎರಡನೇ ಸಲ 58 ಬೀಜ, ಮೇಲೆ ಅರ್ಧ ಬಟ್ಟಲು. ಚೂರು ಅರ ಹಾಕಿದೆವು. ಮೂರನೇ ಸಲ ನೆರಳು ಗೆರೆಯ ಮೇಲೆ ಬಂದಾಗ 59 ಬೀಜ ಬಿದ್ದಿತ್ತು, 60ನೆಯದಕ್ಕೆ ನೀರು ಬಟ್ಟಲಿನ ಅಂಚಿನಲ್ಲಿತ್ತು. ನಮ್ಮ ತಾರಸಿಯ ಮೇಲೆ ಆವತ್ತು ನಾಲ್ಕೂ ಜನ ಮಕ್ಕಳ ಹಾಗೆ ಕೂಗಿದೆವು.

ಆಮೇಲೆ ಕೈಗಡಿಯಾರ ಹೊರಗೆ ತೆಗೆದೆ. ಬಿಡಿಬಿಡಿಯಾಗಿ ನೋಡಿದರೆ ಕೆಲವು ಮುಳುಗು 23 ನಿಮಿಷ 40 ಸೆಕೆಂಡು, ಕೆಲವು 24 ನಿಮಿಷ 20 ಸೆಕೆಂಡು. ದಿನದ ಕೊನೆಗೆ ಮಾತ್ರ ಸರಿಹೋಗುತ್ತಿತ್ತು. ಇಲ್ಲಿ ಒಂದು ವಿಷಯ ನನಗೆ ತಡವಾಗಿ ಹೊಳೆಯಿತು. ಬಟ್ಟಲು ಮುಳುಗಿದ ಮೇಲೆ ಕೈ ಹಾಕಿ ಎತ್ತಬೇಕು, ನೀರು ಸುರಿಯಬೇಕು, ಮತ್ತೆ ಬಿಡಬೇಕು. ಅದಕ್ಕೆ ಒಂದು ಐದು ಸೆಕೆಂಡು ಹಿಡಿಯುತ್ತದೆ. ದಿನಕ್ಕೆ 60 ಸಲ ಅಂದರೆ ಐದು ನಿಮಿಷ. ಒಂದೇ ಒಂದು ಮುಳುಗನ್ನು 24 ನಿಮಿಷಕ್ಕೆ ಸರಿಮಾಡಿ ಬಿಟ್ಟರೆ ಬಟ್ಟಲು ದಿನಾ ಐದು ನಿಮಿಷ ಹಿಂದೆ ಬೀಳುತ್ತದೆ. ಭಾಸ್ಕರಾಚಾರ್ಯರ ಎಣಿಕೆಯಲ್ಲಿ ಈ ತಪ್ಪು ಬರುವುದೇ ಇಲ್ಲ. ಇಡೀ ದಿನವನ್ನು ಭಾಗಿಸುವುದರಿಂದ ಕೈಯ ಹೊತ್ತೂ ಅದರಲ್ಲಿ ಸೇರಿಹೋಗಿರುತ್ತದೆ. ಬಟ್ಟಲನ್ನಷ್ಟೇ ಅಲ್ಲ, ಬಟ್ಟಲನ್ನು ನೋಡಿಕೊಳ್ಳುವವನನ್ನೂ ಸೇರಿಸಿ ಅಳೆದಿದ್ದಾರೆ.

(ಇಲ್ಲಿ ಜಾಗಟೆಯ ಸದ್ದು.)

ಆಯ್ತಾ ಪುಟ್ಟಿ? ಬಟ್ಟಲು ತಳ ಸೇರಿ ಸ್ವಲ್ಪ ಹೊತ್ತಾಗಿತ್ತು, ನಾನು ಈ ಕಡೆಯಿಂದ ನೋಡಿದೆ. ನೀನು ಮಾತು ಕೇಳುತ್ತಾ ಕೂತಿದ್ದೆ. ಏನೂ ಪರವಾಗಿಲ್ಲಮ್ಮ, ನೀನು ತಪ್ಪು ಮಾಡಿಲ್ಲ. ನಾವು ನಾಲ್ಕು ಜನ ದೊಡ್ಡವರು, ಅದಕ್ಕೇ ಅಂತ ಕೂತವರು, ರಾತ್ರಿ ಮೂರನೇ ಜಾವದಲ್ಲಿ ಎರಡು ಸಲ ತೂಕಡಿಸಿ ಎಡವಿದ್ದೇವೆ. ಒಂದು ಎಣಿಕೆಯನ್ನು ಅದೇ ಕಾರಣಕ್ಕೆ ಪೂರ್ತಿ ಬಿಟ್ಟು ಮೊದಲಿಂದ ಮಾಡಿದ್ದೇವೆ. ಈಗ ಮತ್ತೆ ತೇಲಿಬಿಡು.

ಇತ್ಸಿಂಗ್ ಅನ್ನುವ ಚೀನೀ ಯಾತ್ರಿಕ 7ನೇ ಶತಮಾನದಲ್ಲಿ ನಾಲಂದಾದಲ್ಲಿ ಇದ್ದ. ಅಲ್ಲಿನ ವಿಹಾರಗಳಲ್ಲಿದ್ದ ನೀರಿನ ಗಡಿಯಾರದ ಬಗ್ಗೆ ಬರೆದಿದ್ದಾನೆ. ಅವು ರಾಜರು ಕೊಟ್ಟ ದಾನ. ರಾಜರು ಬಟ್ಟಲಿನ ಜೊತೆಗೆ ಅದನ್ನು ಕಾಯುವ ಹುಡುಗರನ್ನೂ ಕೊಡುತ್ತಿದ್ದರಂತೆ. ಮೊದಲ ಸಲ ಓದಿದಾಗ ಇದು ನನಗೆ ವಿಚಿತ್ರ ಅನಿಸಿತ್ತು. ತಾರಸಿಯ ಮೇಲೆ ಮೂರು ರಾತ್ರಿ ಕಳೆದ ಮೇಲೆ ಅನಿಸಲಿಲ್ಲ. ಹುಡುಗರಿಲ್ಲದೆ ಬರೀ ಬಟ್ಟಲು ಕೊಟ್ಟರೆ ಅದು ತೂತಾದ ಪಾತ್ರೆ ಅಷ್ಟೆ. ಬಾಬರ್ ಕೂಡ ತನ್ನ ಆತ್ಮಕಥೆಯಲ್ಲಿ ಹಿಂದೂಸ್ತಾನದ ಊರುಗಳಲ್ಲಿ ಗಳಿಗೆ ಹೊಡೆಯಲು ಇದ್ದ ಘಡಿಯಾಲಿಗಳ ಬಗ್ಗೆ ಬರೆದಿದ್ದಾನೆ. ರಾತ್ರಿ ಎಚ್ಚರವಾದವನಿಗೆ ಬರೀ ಗಳಿಗೆಯ ಏಟು ಕೇಳಿದರೆ ಯಾವ ಜಾವ ಅಂತ ತಿಳಿಯುವುದಿಲ್ಲ, ಆದ್ದರಿಂದ ಗಳಿಗೆಯ ಏಟಿನ ನಂತರ ಜಾವದ ಏಟನ್ನೂ ಹೊಡೆಯಿರಿ ಅಂತ ಅವನು ಹೇಳಿದ. ನಿದ್ದೆಗಣ್ಣಿನಲ್ಲಿ ಗಂಟೆ ಎಣಿಸಿದವರಿಗೆ ಮಾತ್ರ ಹೊಳೆಯುವ ಸುಧಾರಣೆ ಇದು.

ನಾನು ಚಿಕ್ಕವನಿದ್ದಾಗ ಮೈಸೂರಿಗೆ ಬಂದರೆ ಅಪ್ಪ ದೊಡ್ಡ ಗಡಿಯಾರದ ಕೆಳಗೆ ನಿಲ್ಲಿಸಿ ಗಂಟೆ ಓದಿಸುತ್ತಿದ್ದರು. ಅದರ ಮುಖದ ಮೇಲೆ ಕನ್ನಡ ಅಂಕಿಗಳಿವೆ, ನಾನು ಕನ್ನಡ ಅಂಕಿ ಕಲಿತದ್ದೇ ಅಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ 25 ವರ್ಷ ತುಂಬಿದ ನೆನಪಿಗೆ 1927ರಲ್ಲಿ ಕಟ್ಟಿದ 75 ಅಡಿಯ ಗೋಪುರ ಅದು. ಈಗಲೂ ಆ ಕಡೆ ಹೋದರೆ ತಲೆ ಎತ್ತುತ್ತೇನೆ. ಅದಕ್ಕೂ ಈ ಕೊಳಗಕ್ಕೂ ಏನು ಸಂಬಂಧ ಅಂತ ಕೇಳಬಹುದು. ಊರಿಗೆಲ್ಲ ಒಂದೇ ಹೊತ್ತು ಕೇಳಿಸಬೇಕು ಅನ್ನುವುದು ಎರಡಕ್ಕೂ ಒಂದೇ. ಗೋಪುರದ ಗಂಟೆಯ ಜಾಗದಲ್ಲಿ ಹಿಂದೆ ಜಾಗಟೆ ಇತ್ತು, ಅದರ ಪಕ್ಕದಲ್ಲಿ ನಿದ್ದೆಗೆಟ್ಟ ಒಬ್ಬ ಮನುಷ್ಯ ಇದ್ದ.

ಲೀಲಾವತಿಯ ಕಥೆ ಯಾರಾದರೂ ಕೇಳೇ ಕೇಳುತ್ತೀರಿ, ಹೋದಲ್ಲೆಲ್ಲ ಕೇಳುತ್ತಾರೆ. ಭಾಸ್ಕರಾಚಾರ್ಯರು ಮಗಳ ಮದುವೆಯ ಮುಹೂರ್ತಕ್ಕೆ ಗಳಿಗೆ ಬಟ್ಟಲು ಇಟ್ಟಿದ್ದರು, ಅವಳು ಬಗ್ಗಿ ನೋಡಿದಾಗ ಒಡವೆಯ ಮುತ್ತು ಬಿದ್ದು ತೂತು ಮುಚ್ಚಿತು, ಮುಹೂರ್ತ ತಪ್ಪಿತು. ಈ ಕಥೆ ಸಿಗುವುದು ಭಾಸ್ಕರಾಚಾರ್ಯರ ಲೀಲಾವತಿ ಅನ್ನುವ ಗಣಿತ ಗ್ರಂಥಕ್ಕೆ ಅಕ್ಬರನ ಆಸ್ಥಾನಕವಿ ಫೈಜಿ 1587ರಲ್ಲಿ ಮಾಡಿದ ಪಾರಸಿ ಅನುವಾದದಲ್ಲಿ, ಭಾಸ್ಕರಾಚಾರ್ಯರಿಗಿಂತ 400 ವರ್ಷ ಈಚೆಗೆ. ಆದರೆ ಮುತ್ತು ಬಿದ್ದರೆ ತೂತು ಮುಚ್ಚುತ್ತದಾ ಅಂತ ಗಾಜಿನ ಮಣಿ ಹಾಕಿ ನೋಡಿದ್ದೇನೆ. ಸಣ್ಣ ಮಣಿಯನ್ನು ನೀರಿನ ಬುಗ್ಗೆಯೇ ಎತ್ತಿ ಪಕ್ಕಕ್ಕೆ ಹಾಕುತ್ತದೆ. ಕಡಲೆಕಾಳಿನಷ್ಟು ದೊಡ್ಡದಾದರೆ ಗಟ್ಟಿಯಾಗಿ ಕೂರುತ್ತದೆ, ಬಟ್ಟಲು ತೇಲುತ್ತಲೇ ಇರುತ್ತದೆ. ಹಾಗಾಗಿ ಆ ಮುತ್ತು ಒಳ್ಳೆ ದಪ್ಪದ್ದೇ ಇದ್ದಿರಬೇಕು.

ಮುತ್ತಿಗಿಂತ ನಮಗೆ ಕಾಟ ಕೊಟ್ಟದ್ದು ನೀರು. ಮೊದಲು ಬೋರ್‌ವೆಲ್ ನೀರು ಹಾಕುತ್ತಿದ್ದೆವು. ವಾರ ಕಳೆಯುವಷ್ಟರಲ್ಲಿ ತೂತಿನ ಸುತ್ತ ಬಿಳಿ ಉಪ್ಪು ಕಟ್ಟಿತು, ಬಟ್ಟಲು ನಿಧಾನವಾಯಿತು. ಕಾವೇರಿ ನೀರನ್ನು ಬಟ್ಟೆಯಲ್ಲಿ ಸೋಸಿ ಹಾಕಿದ ಮೇಲೆ ಸರಿಹೋಯಿತು. ಸೂರ್ಯಸಿದ್ಧಾಂತದ "ಶುದ್ಧವಾದ ನೀರು" ನನಗೆ ಮಡಿಯ ಮಾತಿನ ಹಾಗೆ ಕೇಳಿಸಿತ್ತು, ಅದು ಅಳತೆಯ ಮಾತು. ಕಿಲುಬನ್ನು ಹುಣಸೆಹುಳಿಯಲ್ಲಿ ತೊಳೆಯಬಹುದು, ಆದರೆ ತೂತಿನ ಒಳಗೆ ಉಜ್ಜಬಾರದು, ಉಜ್ಜಿದರೆ ಮತ್ತೆ ಎಣಿಕೆ.

ಕೊನೆಯದಾಗಿ ಆಚಾರ್ರ ವಿಷಯ. ನನ್ನ ಬಟ್ಟಲು ಮುಗಿಯಿತು ಅಂತ ದುಡ್ಡು ಕೊಡಲು ಹೋದೆ. ಅವರು ಒಳಗಿಂದ ಇನ್ನೊಂದು ಬಟ್ಟಲು ತಂದರು. ಒಂದು ಗೇಣಿಗೂ ಕಮ್ಮಿ ಅಗಲ, ಸ್ವಲ್ಪ ಆಳ, ಕೈಗೆ ಭಾರ. ಹಳೇ ಚೆಂಬಿನ ತಾಮ್ರ ಇತ್ತಂತೆ, ಅದನ್ನು ಕರಗಿಸಿ, ಬಡಿದು ಮಾಡಿದ್ದು. ಕಾಗದ ಇಲ್ಲ, ಅಳತೆ ಇಲ್ಲ. "ನೀವು ಎಣಿಸಿದ್ ನೋಡಿದ್ನಲ್ಲ ಮೇಷ್ಟ್ರೇ, ಹಂಗೇ ಎಣಿಸ್ದೆ. ಮೊದಲ್ ದಿನ 61 ಬಂತು. ಒಂದೆರಡು ಏಟ್ ಹಾಕ್ದೆ, 60 ಆಯ್ತು. ಮೊಮ್ಮಕ್ಕಳು ಕೂತಿದ್ರು, ಅವ್ರಿಗೂ ಆಟ" ಅಂದರು. ಅವರ ಅಂಗಳದ ಕಂಬದ ನೆರಳೇ ಶಂಕು. ನಾನು ಅದನ್ನು ಮನೆಗೆ ತಂದು ಮೂರು ದಿನ ಎಣಿಸಿದೆ. ನನ್ನದಕ್ಕಿಂತ ಸರಿಯಾಗಿ ಓಡುತ್ತದೆ.

ಶಾಸ್ತ್ರದ ಅಳತೆಯಲ್ಲಿ ಮಾಡಿಸಿದ ನನ್ನ ಬಟ್ಟಲು ಇಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ, ಆಮೇಲೆ ಬಂದು ಕೈಯಲ್ಲಿ ಹಿಡಿದು ನೋಡಿ. ಇಷ್ಟು ಹೊತ್ತೂ ಕೊಳಗದಲ್ಲಿ ತೇಲುತ್ತಿದ್ದದ್ದು ಆಚಾರ್ರದು. ಅದು ಎಷ್ಟು ಪಲ ಅಂತ ನಾನು ಇನ್ನೂ ತೂಗಿಲ್ಲ.